ಚಿತ್ರದ ಗುಹೆ, ಚರಿತ್ರೆಯ ಗುಹೆ

ಇ. ಎಂ. ಫಾರ್ಸ್ಟರ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ (1924) ಕಾದಂಬರಿಯನ್ನು ಡೇವಿಡ್ ಲೀನ್ 1984ರಲ್ಲಿ ಚಲಚ್ಚಿತ್ರವಾಗಿಸಿದರು. ಅದರ ಮರಾಬಾರ್ ಗುಹೆಗಳ ದೃಶ್ಯಗಳನ್ನು ತೆಗೆದುದು ನಮ್ಮ ಸಾವನದುರ್ಗ, ರಾಮನಗರಗಳ ಬೆಟ್ಟಗಳಲ್ಲಿ. ಕನ್ನಡಿಗರಿಗೆ ಇದು ಹೆಮ್ಮೆಯೇ ಸರಿ. ಇತಿಹಾಸದ ವಿದ್ಯಾರ್ಥಿಗೆ ಮಾತ್ರ ಎಚ್ಚರ ಬೇಕು.

ಮರಾಬಾರಿಗೆ ಮೂಲ ಬಿಹಾರದ ಬರಾಬರ್. ಅಲ್ಲಿನ ಸುದಾಮಾ ಗುಹೆಯನ್ನು ಅಶೋಕನು ತನ್ನ ಆಳ್ವಿಕೆಯ 12ನೆಯ ವರ್ಷದಲ್ಲಿ ಆಜೀವಿಕರಿಗೆ ಕೊಟ್ಟನೆಂದು ಶಾಸನವಿದೆ. ಅದರ ಒಳಗೋಡೆಗಳನ್ನು ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಲಾಗಿದೆ. ಅರಸೀಕೆರೆ, ಬೇಲೂರು, ಹಳೇಬೀಡುಗಳ ದೇಗುಲಗಳಲ್ಲಿ ನುಣುಪಾದ ಕಂಬಗಳನ್ನು ಕಂಡು ಬೆಳೆದ ನಮ್ಮ ವಿದ್ಯಾರ್ಥಿಗಳು ಇದನ್ನು ಸಾಮಾನ್ಯವೆಂದು ಬಗೆಯುವ ಸಂಭವವುಂಟು. ಹೊಯ್ಸಳ ಶಿಲ್ಪಿಗೆ ದೊರೆತುದು ಮೆದುವಾದ ಬಳಪದ ಕಲ್ಲು. ಮೌರ್ಯರ ಕುಶಲಕರ್ಮಿಯು ಉಜ್ಜಿದುದು ಗಡುಸಾದ ಕಣಶಿಲೆ! 1913ರಲ್ಲಿ ಬರಾಬರನ್ನು ನೋಡಿದ್ದ ಫಾರ್ಸ್ಟರ್ ಆ ಹೊಳಪನ್ನು ಮರೆಯಲಿಲ್ಲ. ಕಡ್ಡಿ ಗೀರಿದೊಡನೆ ಗೋಡೆಯೊಳಗಿಂದಲೂ ಒಂದು ಜ್ವಾಲೆ ಏಳುವುದನ್ನು ಅವರು ವರ್ಣಿಸಿದ್ದಾರೆ.

ಚಿತ್ರಕ್ಕಾಗಿ ನಮ್ಮ ಬಂಡೆಗಳಲ್ಲಿ ತೆರೆದ ಗುಹೆಬಾಯಿಗಳಿಗೆ ಈ ಪೂರ್ವೋತ್ತರವೊಂದೂ ಇಲ್ಲ. ಅವುಗಳಿಂದ ಮೌರ್ಯ ಶಿಲ್ಪವನ್ನು ತಿಳಿಯಹೊರಡುವುದು ಸಲ್ಲದು. ಆದರೆ ಲೀನ್ ಒಬ್ಬರನ್ನೇ ದೂರುವುದೂ ನ್ಯಾಯವಲ್ಲ. ಲೋಮಸ ಋಷಿ ಗುಹೆಯ ದ್ವಾರದ ಮೇಲಣ ಆನೆಗಳ ಸಾಲನ್ನೂ ಅಶೋಕನ ಶಾಸನವನ್ನೂ ಬಿಟ್ಟು, ಮರಾಬಾರನ್ನು ಚರಿತ್ರೆಯೇ ಇಲ್ಲದ ಆದಿಮ ಶಿಲೆಯಾಗಿ ಮೊದಲು ಚಿತ್ರಿಸಿದವರು ಫಾರ್ಸ್ಟರರೇ.