ಕರ್ನಾಟಕದಲ್ಲಿ ಸಾಮಾಜಿಕ ಜಾಲತಾಣಗಳು

ಸಾಮಾಜಿಕ ಜಾಲತಾಣ ಎಂದರೆ ಬಳಕೆದಾರರು ಖಾತೆ ತೆರೆದು, ಪರಿಚಿತರೊಡನೆ ಸಂಪರ್ಕ ಹೊಂದಿ, ಬರಹ, ಚಿತ್ರ, ಧ್ವನಿ ಮತ್ತು ವೀಡಿಯೊಗಳನ್ನು ಹಂಚಿಕೊಳ್ಳಲು ಅವಕಾಶ ನೀಡುವ ಅಂತರಜಾಲ ಸೇವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್ (ಹಿಂದಿನ ಟ್ವಿಟರ್), ಯೂಟ್ಯೂಬ್ ಮತ್ತು ಲಿಂಕ್ಡ್‌ಇನ್ ಇವುಗಳಲ್ಲಿ ಪ್ರಮುಖವಾದವು. ವಾಟ್ಸ್‌ಆಪ್ ಮೂಲತಃ ಸಂದೇಶ ರವಾನೆಯ ಸೇವೆಯಾದರೂ ಗುಂಪುಗಳ ಮೂಲಕ ಜಾಲತಾಣದಂತೆಯೇ ಬಳಕೆಯಲ್ಲಿದೆ. ಈ ಮಾಧ್ಯಮದಲ್ಲಿ ಮಾಹಿತಿಯು ಹೆಚ್ಚಾಗಿ ಪರಿಚಿತರಿಂದ ಪರಿಚಿತರಿಗೆ ಹರಡುತ್ತದೆ. ಇದರ ಆಕರ್ಷಣೆ, ಅಪಾಯ ಮತ್ತು ವ್ಯಾಪಾರದ ಅವಕಾಶ ಮೂರೂ ಈ ಒಂದೇ ಗುಣದಿಂದ ಹುಟ್ಟುತ್ತವೆ.

ಇತಿಹಾಸ

1997ರಲ್ಲಿ ಆರಂಭವಾದ ಸಿಕ್ಸ್‌ಡಿಗ್ರೀಸ್ ಅನ್ನು ಈ ಬಗೆಯ ಮೊದಲ ತಾಣಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ. ಲಿಂಕ್ಡ್‌ಇನ್ 2003ರಲ್ಲಿ, ಆರ್ಕುಟ್ ಮತ್ತು ಫೇಸ್‌ಬುಕ್ 2004ರಲ್ಲಿ, ಯೂಟ್ಯೂಬ್ 2005ರಲ್ಲಿ, ಟ್ವಿಟರ್ 2006ರಲ್ಲಿ ಆರಂಭವಾದವು. ಭಾರತದಲ್ಲಿ ಮೊದಲು ಜನಪ್ರಿಯವಾದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಆ ವೇಳೆಗೆ ಫೇಸ್‌ಬುಕ್ ಸಂಸ್ಥೆಯು ಇನ್‌ಸ್ಟಾಗ್ರಾಂ (2012) ಮತ್ತು ವಾಟ್ಸ್‌ಆಪ್ (2014) ಸೇವೆಗಳ ಖರೀದಿಗೆ ಮುಂದಾಗಿತ್ತು.

ಬೆಂಗಳೂರಿನಲ್ಲಿಯೂ ಇಂತಹ ಪ್ರಯತ್ನಗಳು ನಡೆದವು. 2015ರಲ್ಲಿ ಸ್ಥಾಪಿತವಾದ ಶೇರ್‌ಚಾಟ್ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಬಳಕೆದಾರರಿಗಾಗಿ ರೂಪುಗೊಂಡಿತು. 2020ರಲ್ಲಿ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಂಕ್ ಬಿದವತ್ಕ ಅವರು ಕಟ್ಟಿದ 'ಕೂ' ಕನ್ನಡದಲ್ಲಿ ಮೊದಲು ಬಂದು ಬಳಿಕ ಇತರ ಭಾಷೆಗಳಿಗೆ ವಿಸ್ತರಿಸಿತು. ಅದು 2024ರ ಜುಲೈನಲ್ಲಿ ಸ್ಥಗಿತಗೊಂಡಿತು.

ಆಕರ್ಷಣೆಯ ಕಾರಣಗಳು

ಬಳಕೆದಾರರಿಗೆ ಈ ಸೇವೆಗಳು ಬಹುತೇಕ ಉಚಿತವಾಗಿ ದೊರೆಯುತ್ತವೆ. ಯೂನಿಕೋಡ್ ಅಕ್ಷರಗಳು ಮತ್ತು ಮೊಬೈಲ್ ಕೀಲಿಮಣೆಗಳು ಬಂದ ಮೇಲೆ, ಅದುವರೆಗೆ ರೋಮನ್ ಲಿಪಿಯಲ್ಲಿ ಬರೆಯುತ್ತಿದ್ದ ಅನೇಕರು ಕನ್ನಡ ಲಿಪಿಯಲ್ಲಿಯೇ ಬರೆಯತೊಡಗಿದರು. ಬರೆಯಲು ಬಾರದವರಿಗೂ ಧ್ವನಿ ಸಂದೇಶ ಮತ್ತು ವೀಡಿಯೊ ಕರೆಗಳ ಮೂಲಕ ಈ ಮಾಧ್ಯಮ ಎಟುಕಿತು.

ಮಲೆನಾಡಿನಲ್ಲಿ ಇದರ ಉಪಯೋಗ ವಿಶೇಷವಾಗಿ ಕಾಣುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲೂಕುಗಳಲ್ಲಿ ಮನೆಗಳು ಅಡಿಕೆ ಮತ್ತು ಕಾಫಿ ತೋಟಗಳ ನಡುವೆ ಚದುರಿಕೊಂಡಿವೆ. ಓದು ಮತ್ತು ಉದ್ಯೋಗಕ್ಕಾಗಿ ಯುವಜನರು ಬೆಂಗಳೂರು ಮೊದಲಾದ ಊರುಗಳಿಗೆ ತೆರಳಿರುವ ಕುಟುಂಬಗಳು ಹಲವು. ಇಂತಹ ಕಡೆ ಕುಟುಂಬದ, ಊರಿನ ಹಾಗೂ ಬೆಳೆಗಾರರ ವಾಟ್ಸ್‌ಆಪ್ ಗುಂಪುಗಳು ಸಂಪರ್ಕದ ಸಾಧನವಾಗಿವೆ. ರಾಶಿ, ಬೆಟ್ಟೆ, ಗೊರಬಲು ಮುಂತಾದ ಅಡಿಕೆಯ ದರ, ಮಳೆಯ ಪ್ರಮಾಣ, ರಸ್ತೆಯ ಮೇಲೆ ಮರ ಬಿದ್ದ ಸುದ್ದಿ ಇವುಗಳಲ್ಲಿ ಹಂಚಿಕೆಯಾಗುತ್ತವೆ. ಎಲೆಚುಕ್ಕೆ ರೋಗ ತಗಲಿದ ಸೋಗೆಯ ಚಿತ್ರವನ್ನು ತೋಟದಿಂದಲೇ ತಜ್ಞರಿಗೆ ಕಳುಹಿಸಿ ಸಲಹೆ ಪಡೆಯಲು ಸಾಧ್ಯವಾಗಿದೆ. ಆದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿರುವ ಕೆರೆಕಟ್ಟೆಯಂತಹ ಪ್ರದೇಶಗಳಲ್ಲಿ ಗುಡ್ಡ ಮತ್ತು ದಟ್ಟ ಕಾಡು ಮೊಬೈಲ್ ಸಂಕೇತಗಳಿಗೆ ಸಹಜವಾಗಿಯೇ ಅಡ್ಡಿಯಾಗುತ್ತವೆ.

ಕೋವಿಡ್ ಕಾಲದಲ್ಲಿ ಪ್ರದರ್ಶನಗಳು ನಿಂತಾಗ ಯಕ್ಷಗಾನ, ತಾಳಮದ್ದಳೆಗಳು ಫೇಸ್‌ಬುಕ್ ಮತ್ತು ಯೂಟ್ಯೂಬ್‌ನಲ್ಲಿ ನೇರ ಪ್ರಸಾರಗೊಂಡು ದೂರದ ಪ್ರೇಕ್ಷಕರನ್ನು ತಲುಪಿದವು.

ಅಪಾಯಗಳು

ವದಂತಿ: ಪರಿಚಿತರು ಕಳುಹಿಸಿದ ಸಂದೇಶವನ್ನು ಜನರು ಸುಲಭವಾಗಿ ನಂಬುತ್ತಾರೆ. ಅದನ್ನು ಮೊದಲು ಬರೆದವರು ಯಾರೆಂಬುದು ಮಾತ್ರ ತಿಳಿಯುವುದಿಲ್ಲ. 2012ರ ಜುಲೈನಲ್ಲಿ ಅಸ್ಸಾಮಿನಲ್ಲಿ ಹಿಂಸಾಚಾರ ನಡೆದ ನಂತರ, ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿ ಮೊಬೈಲ್ ಸಂದೇಶ ಮತ್ತು ಜಾಲತಾಣಗಳ ಮೂಲಕ ಹರಡಿತು. ಆಗಸ್ಟ್ ಮಧ್ಯಭಾಗದಲ್ಲಿ ಸಾವಿರಾರು ಮಂದಿ ನಗರ ತೊರೆದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಕೇಂದ್ರ ಸರ್ಕಾರವು ಏಕಕಾಲದಲ್ಲಿ ಅನೇಕರಿಗೆ ಎಸ್ಸೆಮ್ಮೆಸ್ ಕಳುಹಿಸುವುದನ್ನು ತಾತ್ಕಾಲಿಕವಾಗಿ ನಿರ್ಬಂಧಿಸಿತು.

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸಂದೇಶಗಳು ದೇಶದ ಹಲವೆಡೆ ಹರಡಿದವು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನು ಗುಂಪಿನ ಹಲ್ಲೆಗೆ ಬಲಿಯಾದನು. ಜುಲೈ 13ರಂದು ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರ ತಂಡವು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ನೀಡಿತು. ಇದನ್ನು ಕಂಡವರು ಸಂಶಯಪಟ್ಟರು. ಅವರ ಕುರಿತ ಸಂದೇಶ ವಾಟ್ಸ್‌ಆಪ್ ಗುಂಪಿನಲ್ಲಿ ಹರಡಿ, ಮುರ್ಕಿ ಗ್ರಾಮದಲ್ಲಿ ಜನರು ಕಾರನ್ನು ತಡೆದರು. ಹಲ್ಲೆಯಲ್ಲಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಮೃತಪಟ್ಟರು. ರಕ್ಷಣೆಗೆ ಬಂದ ಪೊಲೀಸರೂ ಗಾಯಗೊಂಡರು. ಅದೇ ತಿಂಗಳು ವಾಟ್ಸ್‌ಆಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿ ಪ್ರಕಟಿಸಿತು. 2020ರ ಏಪ್ರಿಲ್‌ನಿಂದ ಅನೇಕ ಬಾರಿ ರವಾನೆಯಾದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದು.

ವಂಚನೆ: ಪರಿಚಿತರ ಚಿತ್ರ ಬಳಸಿ ನಕಲಿ ಖಾತೆ ತೆರೆದು ತುರ್ತಾಗಿ ಹಣ ಕೇಳುವುದು, ಹೂಡಿಕೆಗೆ ಭಾರಿ ಲಾಭದ ಆಮಿಷ ಒಡ್ಡುವುದು, ಪೊಲೀಸರ ಸೋಗಿನಲ್ಲಿ ವೀಡಿಯೊ ಕರೆ ಮಾಡಿ 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸುವುದು ಸಾಮಾನ್ಯ ವಿಧಾನಗಳು. ಭಾರತದ ಕಾನೂನಿನಲ್ಲಿ 'ಡಿಜಿಟಲ್ ಅರೆಸ್ಟ್' ಎಂಬ ಕ್ರಮವೇ ಇಲ್ಲ.

ಖಾಸಗಿತನ ಮತ್ತು ಆರೋಗ್ಯ: ಬಳಕೆದಾರರ ಅಭಿರುಚಿ, ಸ್ಥಳ ಮತ್ತು ಸಂಪರ್ಕಗಳ ಮಾಹಿತಿಯನ್ನು ಸಂಸ್ಥೆಗಳು ಸಂಗ್ರಹಿಸುತ್ತವೆ. ಗಮನವನ್ನು ಹಿಡಿದಿಡುವಂತೆ ರೂಪಿಸಲಾದ ಕಾರಣ ಅತಿಬಳಕೆ, ನಿದ್ರಾಭಂಗ ಮತ್ತು ಅಧ್ಯಯನಕ್ಕೆ ಅಡಚಣೆ ಉಂಟಾಗಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ತಂತ್ರಜ್ಞಾನದ ಅತಿಬಳಕೆಯ ಚಿಕಿತ್ಸೆಗಾಗಿ 'ಶಟ್' ಎಂಬ ಚಿಕಿತ್ಸಾಲಯವನ್ನು 2014ರಲ್ಲಿ ಆರಂಭಿಸಿತು.

ವ್ಯಾಪಾರದ ಅವಕಾಶಗಳು

ಜಾಲತಾಣ ಸಂಸ್ಥೆಗಳ ಆದಾಯದ ದೊಡ್ಡ ಪಾಲು ಜಾಹೀರಾತಿನಿಂದ ಬರುತ್ತದೆ. ಊರು, ವಯಸ್ಸು ಮತ್ತು ಆಸಕ್ತಿಯನ್ನು ಆಧರಿಸಿ ಗ್ರಾಹಕರನ್ನು ಆರಿಸಿಕೊಳ್ಳಬಹುದಾದ್ದರಿಂದ ಸಣ್ಣ ವ್ಯಾಪಾರಿಗಳೂ ಕಡಿಮೆ ವೆಚ್ಚದಲ್ಲಿ ಜಾಹೀರಾತು ನೀಡಬಲ್ಲರು. 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೀಶೋ, ಗೃಹಿಣಿಯರು ಮೊದಲಾದವರು ವಾಟ್ಸ್‌ಆಪ್ ಮೂಲಕ ತಮ್ಮ ಪರಿಚಿತರಿಗೆ ವಸ್ತುಗಳನ್ನು ಮಾರುವ ವಿಧಾನದಿಂದ ಬೆಳೆಯಿತು. 2018ರಲ್ಲಿ ಬಂದ ವಾಟ್ಸ್‌ಆಪ್ ಬಿಸಿನೆಸ್ ಮತ್ತು ಯುಪಿಐ ಪಾವತಿಗಳು ಮನೆಯಿಂದಲೇ ವ್ಯವಹರಿಸುವುದನ್ನು ಸುಲಭಗೊಳಿಸಿದವು.

ಬಾಳೆಕಾಯಿ ಹುಡಿಯ ಪ್ರಚಾರ ಇದಕ್ಕೆ ಗಮನಾರ್ಹ ಉದಾಹರಣೆ. ಕೋವಿಡ್ ಕಾಲದಲ್ಲಿ ಬಾಳೆಗೆ ಮಾರುಕಟ್ಟೆ ಕುಸಿದಿದ್ದಾಗ, 2021ರಲ್ಲಿ ಪುತ್ತೂರಿನ 'ಅಡಿಕೆ ಪತ್ರಿಕೆ' ಮತ್ತು ಅದರ ಸಂಪಾದಕ ಶ್ರೀ ಪಡ್ರೆ ಅವರು 'ಬಾಕಾಹು' ಎಂಬ ಹೆಸರಿನಲ್ಲಿ ಇದರ ತಯಾರಿಕೆಯನ್ನು ಪ್ರೋತ್ಸಾಹಿಸಿದರು. ಬಾಳೆಕಾಯಿಯನ್ನು ಹೆಚ್ಚಿ, ಒಣಗಿಸಿ, ಹುಡಿ ಮಾಡುವುದು ಇದರ ವಿಧಾನ. ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡದ ಮಹಿಳೆಯರು ಹುಡಿಯಿಂದ ದೋಸೆ, ಗುಲಾಬ್ ಜಾಮೂನು ಮೊದಲಾದವನ್ನು ಮಾಡಿ ಚಿತ್ರಗಳನ್ನು ಹಂಚಿಕೊಂಡರು. ಇದರಿಂದ ಬೇಡಿಕೆ ಹೆಚ್ಚಿತು. 2021ರ ಜುಲೈ 25ರ 'ಮನ್ ಕೀ ಬಾತ್'ನಲ್ಲಿ ಪ್ರಧಾನಿಯವರು ಇದನ್ನು ಪ್ರಸ್ತಾಪಿಸಿದರು.

ಮಲೆನಾಡಿನ ಹೋಂಸ್ಟೇಗಳು, ಜೇನು, ಕಾಳುಮೆಣಸು ಮತ್ತು ಕಾಫಿಪುಡಿಯ ಮಾರಾಟಗಾರರೂ ಜಾಲತಾಣಗಳನ್ನು ಬಳಸುತ್ತಾರೆ. ತಾಣದ ನಿಯಮ ಬದಲಾದರೆ ಅಥವಾ ತಾಣವೇ ಮುಚ್ಚಿದರೆ ಗ್ರಾಹಕರ ಸಂಪರ್ಕ ಕಡಿದುಹೋಗುವುದು ಇದರ ಮಿತಿ. 2020ರ ಜೂನ್ 29ರಂದು ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅದನ್ನು ಅವಲಂಬಿಸಿದ್ದವರು ಒಮ್ಮೆಲೇ ವೀಕ್ಷಕರನ್ನು ಕಳೆದುಕೊಂಡರು.

ಕಾನೂನು ಮತ್ತು ಸುರಕ್ಷತೆ

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಮತ್ತು 66ಡಿ ಕಲಮುಗಳು ಗುರುತಿನ ಕಳವು ಮತ್ತು ಸೋಗು ಹಾಕಿ ವಂಚಿಸುವುದನ್ನು ಅಪರಾಧವೆಂದು ಪರಿಗಣಿಸುತ್ತವೆ. ಇವುಗಳಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಅದೇ ಕಾಯ್ದೆಯ 66ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯವು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು 2015ರ ಮಾರ್ಚ್ 24ರಂದು ರದ್ದುಪಡಿಸಿತು. 2021ರ ನಿಯಮಗಳ ಪ್ರಕಾರ ಜಾಲತಾಣ ಸಂಸ್ಥೆಗಳು ದೂರು ಸ್ವೀಕರಿಸುವ ಅಧಿಕಾರಿಯನ್ನು ನೇಮಿಸಬೇಕು.

ಹಣ ಕಳೆದುಕೊಂಡವರು ತಕ್ಷಣ 1930 ಸಹಾಯವಾಣಿಗೆ ಕರೆ ಮಾಡಿದರೆ ವರ್ಗಾವಣೆಯನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳಿಗಾಗಿ ಸಿಇಎನ್ ಪೊಲೀಸ್ ಠಾಣೆಗಳಿವೆ. ಎರಡು ಹಂತದ ದೃಢೀಕರಣ ಅಳವಡಿಸುವುದು, ಒಟಿಪಿ ಹಂಚಿಕೊಳ್ಳದಿರುವುದು, ಹಣ ಕೇಳಿದವರಿಗೆ ಮೊದಲು ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದು ಹಾಗೂ ಮೂಲ ತಿಳಿಯದ ಸಂದೇಶವನ್ನು ಮುಂದಕ್ಕೆ ಕಳುಹಿಸದಿರುವುದು ಮುಖ್ಯ ಎಚ್ಚರಿಕೆಗಳು.