ಆತಕೂರಿನ ಕಾಳಿಯಿಂದ ಮುಧೋಳದ ನಾಯಿಯವರೆಗೆ



ಊರು ಬಿಟ್ಟು ಮಹಾನಗರ ಸೇರಿದ ನಮ್ಮಲ್ಲಿ ಅನೇಕರಿಗೆ ಮನೆಯಲ್ಲೊಂದು ನಾಯಿ ಇರಲಿ ಎಂಬ ಆಸೆ. ಯಾವ ತಳಿ ಚೆಂದ ಎಂದು ಎಲ್ಲರೂ ವಿಚಾರಿಸುತ್ತಾರೆ. ಆ ತಳಿ ಹಿಂದೆ ಯಾವ ಕೆಲಸಕ್ಕಿತ್ತು ಎಂದು ಕೇಳುವವರು ಕಡಿಮೆ. ನಾಯಿಯ ಸ್ವಭಾವಕ್ಕೂ ಅದು ಮಾಡಿದ ಕೆಲಸಕ್ಕೂ ಇರುವ ನಂಟು ನಮ್ಮ ನಾಡಿನ ಚರಿತ್ರೆಯಲ್ಲೇ ಕಾಣುತ್ತದೆ.

ಕ್ರಿ.ಶ. 949ರಲ್ಲಿ, ಈಗಿನ ತಮಿಳುನಾಡಿನ ಅರಕ್ಕೋಣಂ ಬಳಿಯ ತಕ್ಕೋಲದಲ್ಲಿ ದೊಡ್ಡ ಕಾಳಗ ನಡೆಯಿತು. ರಾಷ್ಟ್ರಕೂಟ ಮೂರನೇ ಕೃಷ್ಣನ ಪಡೆ ಚೋಳರನ್ನು ಸೋಲಿಸಿತು. ಕೃಷ್ಣನ ಪರವಾಗಿ ಕಾದಿದ ಗಂಗ ದೊರೆ ಇಮ್ಮಡಿ ಬೂತುಗನ ಕಡೆಯ ವೀರ ಮಣಲೇರನಿಗೆ, ಅವನ ಶೌರ್ಯಕ್ಕೆ ಮೆಚ್ಚಿ, ಬೇಕಾದುದನ್ನು ಕೇಳುವ ಅವಕಾಶ ದೊರೆಯಿತು. ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಮಣಲೇರ ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ. ಹಳಗನ್ನಡ ಶಾಸನವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಆಗ ನಾಯಿಗೆ ಬೆಲೆ ಬರುತ್ತಿದ್ದುದು ಅದರ ಕೆಲಸದಿಂದ. ರೂಪ ನೋಡಿ ತಳಿಗಳನ್ನು ಪಟ್ಟಿ ಮಾಡುವ ಪದ್ಧತಿ ಗಟ್ಟಿಯಾದದ್ದು ಬಹಳ ತಡವಾಗಿ, 1873ರಲ್ಲಿ ಇಂಗ್ಲೆಂಡಿನಲ್ಲಿ ಕೆನಲ್ ಕ್ಲಬ್ ಹುಟ್ಟಿದ ಮೇಲೆ.

ನಮ್ಮ ಮುಧೋಳದ ನಾಯಿಯ ಕಥೆಯೂ ಬೇಟೆಯಿಂದಲೇ ಶುರು. ಬೇಡ ಸಮುದಾಯದವರು ಬೇಟೆಗೆ ಒಯ್ಯುತ್ತಿದ್ದ ಈ ನಾಯಿಗಳನ್ನು ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಮೆಚ್ಚಿ ಬೆಳೆಸಿದರು. ಬ್ರಿಟನ್ನಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟರೆಂಬುದು ಆ ಸೀಮೆಯಲ್ಲಿ ಮನೆಮಾತು. ಮಹಾರಾಷ್ಟ್ರದಲ್ಲಿ ಇದೇ ನಾಯಿಗೆ ಕಾರವಾನಿ ಎಂಬ ಹೆಸರೂ ಇದೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. 2016ರಲ್ಲಿ ಮುಧೋಳದ ಮರಿಗಳು ಸೇನೆಯ ತರಬೇತಿಗಾಗಿ ಮೀರತ್ತಿಗೆ ಹೋದವು.

ಉದ್ದ ಮೂತಿ, ಆಳವಾದ ಎದೆ, ಸಣ್ಣ ನಡು: ಮೈಯೆಲ್ಲ ಓಟಕ್ಕೆಂದೇ ಆದದ್ದು. ಬೇಟೆಯನ್ನು ಇದು ಮುಖ್ಯವಾಗಿ ಕಣ್ಣಿನಿಂದ ಗುರುತಿಸುತ್ತದೆ. ಮನೆಯವರಿಗೆ ನಿಷ್ಠೆ, ಹೊರಗಿನವರಿಂದ ದೂರ. ಅಪರಿಚಿತರು ಮೈದಡವಿದರೆ ಹಿಡಿಸದು. ಬೆಕ್ಕು ಓಡಿದರೆ ಬೆನ್ನಟ್ಟದೆ ಇರುವುದು ಅದಕ್ಕೆ ಕಷ್ಟ. ಇಂಥದ್ದನ್ನು ಮುಂಬೈಯ ಎಂಟನೇ ಮಹಡಿಯಲ್ಲಿ ದಿನವಿಡೀ ಕಟ್ಟಿಹಾಕಿ, ಮಂಕಾಯಿತು, ಸಿಡುಕಾಯಿತು ಎಂದು ದೂರಿದರೆ ತಪ್ಪು ನಾಯಿಯದೇ?

ಬೇರೆ ತಳಿಗಳದ್ದೂ ಹೀಗೆಯೇ. ತಮಿಳುನಾಡಿನ ರಾಜಪಾಳಯಂ ಹಂದಿಬೇಟೆಗೂ ಕಾವಲಿಗೂ ಬೆಳೆದದ್ದು. ಹೊಸಬರನ್ನು ಸುಲಭವಾಗಿ ನಂಬದು. ಲ್ಯಾಬ್ರಡಾರಿನ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮೀನುಗಾರರ ಜೊತೆ ದುಡಿದವು. ಅದಕ್ಕೇ ನೀರೆಂದರೆ ಪ್ರಾಣ, ಜನರೊಡನೆ ಬೇಗ ಹೊಂದಾಣಿಕೆ. ಚೀನಾದ ಅರಮನೆಗಳಲ್ಲಿ ಮಡಿಲ ಮೇಲೆ ಬೆಳೆದ ಪಗ್ ಸಣ್ಣ ಮನೆಗೆ ಒಗ್ಗುತ್ತದೆ. ಆದರೆ ಚಪ್ಪಟೆ ಮೂಗಿನಿಂದಾಗಿ ಚೆನ್ನೈ, ಹೈದರಾಬಾದಿನ ಬಿಸಿಲಲ್ಲಿ ಉಸಿರಾಟಕ್ಕೆ ಒದ್ದಾಡುತ್ತದೆ.

ಹಾಗೆಂದು ತಳಿಯ ಹೆಸರೇ ಜಾತಕವಲ್ಲ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 18,000ಕ್ಕೂ ಹೆಚ್ಚು ನಾಯಿಗಳ ನಡವಳಿಕೆಯ ವಿವರ ಸಂಗ್ರಹಿಸಿತು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ ಎಂದು ಅದು ಕಂಡುಕೊಂಡಿತು. ಉಳಿದದ್ದರಲ್ಲಿ ಆಯಾ ನಾಯಿಯ ಹುಟ್ಟುಗುಣವೂ ಇದೆ, ನಾವು ಸಾಕುವ ರೀತಿಯೂ ಇದೆ. ಬೀದಿಯಿಂದ ತಂದ ಮರಿಯೂ ಒಳ್ಳೆಯ ಸಂಗಾತಿಯಾಗಬಲ್ಲದು.

ಆದ್ದರಿಂದ ಮರಿ ತರುವ ಮುನ್ನ ಮನೆಮಂದಿಯೆಲ್ಲ ಕೂತು ಒಂದು ಲೆಕ್ಕ ಹಾಕಿ. ದಿನಕ್ಕೆ ಎಷ್ಟು ಹೊತ್ತು ಅದರ ಜೊತೆ ಇರಬಲ್ಲೆವು? ಬೆಳಿಗ್ಗೆ ಸಂಜೆ ಯಾರು ತಿರುಗಾಡಿಸುತ್ತಾರೆ? ಓಡಲು ಜಾಗ ಎಲ್ಲಿದೆ? ಹತ್ತು ಹನ್ನೆರಡು ವರ್ಷ ಇದು ನಡೆದೀತೇ? ಉತ್ತರ ಸಿಕ್ಕ ಮೇಲೆ ತಳಿಯ ಮಾತಾಡೋಣ.