ಶಾಂಪೂ ಕೊಳ್ಳುವ ಮುನ್ನ ಬಾಟಲಿ ತಿರುಗಿಸಿ ನೋಡಿ: ಲೇಬಲ್‌ನಲ್ಲಿ ಓದಬೇಕಾದ್ದು ಇಷ್ಟು

ಕಿರಾಣಿ ಅಂಗಡಿ ಮುಂದೆ ಸರದಂತೆ ನೇತಾಡುವ ಶಾಂಪೂ ಪ್ಯಾಕೆಟ್ ಹರಿದು ಕೊಡೋದು ಒಂದು ಕ್ಷಣದ ಕೆಲಸ. ಗಿರಾಕಿ ನೋಡೋದು ಬಣ್ಣ, ವಾಸನೆ, ಟಿವಿಯಲ್ಲಿ ಬಂದ ಹೆಸರು. ಒಳಗೆ ಏನಿದೆ ಅಂತ ಕೇಳುವವರು ಕಡಿಮೆ. ತಲೆ ಕೆರೆತ ಶುರುವಾದ ಮೇಲೋ, ಬಣ್ಣ ಹಚ್ಚಿ ಮುಖ ಊದಿಕೊಂಡ ಮೇಲೋ ಹುಡುಕಿದರೆ ಪ್ಯಾಕೆಟ್ ಕಸಕ್ಕೆ ಹೋಗಿರುತ್ತದೆ. ಶಾಂಪೂ ಸುರಕ್ಷಿತವೇ, ಹೇಳಿದ ಕೆಲಸ ಮಾಡುತ್ತದೆಯೇ ಎಂಬುದನ್ನು ಬಹುಮಟ್ಟಿಗೆ ಬಾಟಲಿಯ ಹಿಂಭಾಗವೇ ಹೇಳುತ್ತದೆ. ಅದನ್ನು ಓದುವ ಬಗೆ ಇಲ್ಲಿದೆ.

ಮೊದಲು ಇವು ಇವೆಯೇ ನೋಡಿ

ದೇಶದಲ್ಲಿ ಶಾಂಪೂ ತಯಾರಿಸಲು ಲೈಸೆನ್ಸ್ ಬೇಕು. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಹಾಗೂ 2020ರ ಕಾಂತಿವರ್ಧಕ ನಿಯಮಗಳು ಇದಕ್ಕೆ ಅನ್ವಯಿಸುತ್ತವೆ. ಬಾಟಲಿಯ ಮೇಲೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಯಾವ ತಿಂಗಳೊಳಗೆ ಬಳಸಬೇಕು ಎಂಬ ಮಾಹಿತಿ ಇರಬೇಕು. ಇವು ಇಲ್ಲದ ಬಾಟಲಿ, ಸಂತೆಯಲ್ಲಿ ಕ್ಯಾನಿನಿಂದ ಸುರಿದು ಕೊಡುವ ಲೂಸ್ ಶಾಂಪೂ ಎಷ್ಟೇ ಅಗ್ಗವಾದರೂ ಬೇಡ. ಅದರೊಳಗೆ ಏನಿದೆ ಎಂದು ಉತ್ತರ ಕೊಡುವವರು ಯಾರೂ ಇರುವುದಿಲ್ಲ.

ಒಂದು ವಿಷಯ ಗೊತ್ತಿರಲಿ. 60 ಮಿ.ಲೀ.ಗಿಂತ ಕಡಿಮೆ ಇರುವ ಪ್ಯಾಕ್ ಮೇಲೆ ಪದಾರ್ಥಗಳ ಪಟ್ಟಿ ಹಾಕಲೇಬೇಕು ಅಂತಿಲ್ಲ. ಹಾಗಾಗಿ ಒಂದು, ಎರಡು ರೂಪಾಯಿ ಪ್ಯಾಕೆಟ್‌ನಲ್ಲಿ ಪಟ್ಟಿ ಇಲ್ಲ ಅಂದ ಮಾತ್ರಕ್ಕೆ ಅದು ನಕಲಿ ಅಲ್ಲ. ಅದೇ ಶಾಂಪೂವಿನ ದೊಡ್ಡ ಬಾಟಲಿ ಅಂಗಡಿಯಲ್ಲಿದ್ದರೆ ಅದರ ಹಿಂಭಾಗ ಓದಿಕೊಳ್ಳಿ.

ಪಟ್ಟಿ ಓದುವ ಕ್ರಮ

ಶೇ. 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಜಾಸ್ತಿಯಿಂದ ಕಡಿಮೆಗೆ ಬರೆಯಬೇಕು. ಶೇ. 1 ಮತ್ತು ಅದಕ್ಕಿಂತ ಕಡಿಮೆ ಇರುವವು ಆಮೇಲೆ, ಯಾವ ಕ್ರಮದಲ್ಲಾದರೂ ಬರಬಹುದು. ಮೊದಲ ಹೆಸರು ಸಾಮಾನ್ಯವಾಗಿ ‘ಆಕ್ವಾ’ ಅಥವಾ ‘ವಾಟರ್’, ಅಂದ್ರೆ ನೀರು. ನಂತರದ್ದು ನೊರೆ ಕೊಟ್ಟು ಕೊಳೆ ತೆಗೆಯುವ ವಸ್ತು. ಶಾಂಪೂವಿನ ಗುಣ ಬಹುಪಾಲು ಮೊದಲ ನಾಲ್ಕೈದು ಹೆಸರಿನಲ್ಲೇ ಇರುತ್ತದೆ.

ಇಲ್ಲೊಂದು ಸುಲಭ ಉಪಾಯವಿದೆ. ‘ಫೀನಾಕ್ಸಿ ಎಥನಾಲ್’ ಅಥವಾ ‘ಮಿಥೈಲ್ ಪ್ಯಾರಾಬೆನ್’ ಎಂಬ ಹೆಸರು ಹುಡುಕಿ. ಇವು ಶಾಂಪೂ ಕೆಡದಂತೆ ಕಾಯುವ ವಸ್ತುಗಳು, ಸಾಮಾನ್ಯವಾಗಿ ಶೇ. 1ನ್ನು ಮೀರುವುದಿಲ್ಲ. ಇವುಗಳ ನಂತರ ಬರೆದದ್ದೆಲ್ಲ ಅಷ್ಟೇ ಕಡಿಮೆ. ಮುಂಭಾಗದಲ್ಲಿ ದೊಡ್ಡದಾಗಿ ಬಾದಾಮಿ, ಜೇನು, ನೆಲ್ಲಿಕಾಯಿ ಚಿತ್ರ ಇದ್ದು, ಹಿಂದೆ ಅವುಗಳ ಹೆಸರು ಈ ಗೆರೆಯ ಕೆಳಗಿದ್ದರೆ ಒಳಗಿರುವುದು ಹನಿ ಲೆಕ್ಕ. ಆ ಚಿತ್ರಕ್ಕೆ ಹೆಚ್ಚು ದುಡ್ಡು ಕೊಡಬೇಕಿಲ್ಲ.

ಸಲ್ಫೇಟ್, ಪ್ಯಾರಾಬೆನ್: ಹೆದರಿಕೆ ಎಷ್ಟು, ನಿಜ ಎಷ್ಟು

‘ಸೋಡಿಯಂ ಲಾರಿಲ್ ಸಲ್ಫೇಟ್’ ಕೊಳೆ, ಎಣ್ಣೆಯನ್ನು ಚೆನ್ನಾಗಿ ತೆಗೆಯುತ್ತದೆ. ಆದರೆ ಒಣ ಚರ್ಮ, ಇಸುಬು ಇರುವವರಿಗೆ ಉರಿ, ಕೆರೆತ ತರಬಹುದು. ‘ಸೋಡಿಯಂ ಲಾರೆತ್ ಸಲ್ಫೇಟ್’ ಅದಕ್ಕಿಂತ ಮೃದು. ಜೊತೆಗೆ ‘ಕೋಕಮಿಡೊಪ್ರೊಪೈಲ್ ಬೀಟೇನ್’ ಇದ್ದರೆ ಶಾಂಪೂ ಇನ್ನೂ ಹಗುರ. ಸಲ್ಫೇಟ್‌ನಿಂದ ಕ್ಯಾನ್ಸರ್ ಬರುತ್ತದೆ ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಮಾತಿಗೆ ಆಧಾರವಿಲ್ಲ. ದಿನಾ ಎಣ್ಣೆ ಹಚ್ಚುವವರಿಗೆ, ಧೂಳಿನಲ್ಲಿ ದುಡಿಯುವವರಿಗೆ ಸಲ್ಫೇಟ್ ಶಾಂಪೂ ನಡೆಯುತ್ತದೆ.

‘ಪ್ಯಾರಾಬೆನ್ ಫ್ರೀ’ ಅಂದಾಕ್ಷಣ ಹೆಚ್ಚು ಸುರಕ್ಷಿತ ಅಂತಲೂ ಅಲ್ಲ. ನೀರಿರುವ ಶಾಂಪೂ ಕೆಡದಿರಲು ಏನಾದರೂ ಹಾಕಲೇಬೇಕು. ಪ್ಯಾರಾಬೆನ್ ಬದಲು ಬಂದ ‘ಮಿಥೈಲ್ ಐಸೊಥಯಾಜೊಲಿನೋನ್’ ಹಲವರಿಗೆ ಅಲರ್ಜಿ ತಂದಿದೆ. ಯುರೋಪಿಯನ್ ಒಕ್ಕೂಟ ಇದನ್ನು ತೊಳೆಯದೆ ಬಿಡುವ ಕ್ರೀಮ್‌ಗಳಲ್ಲಿ ನಿಷೇಧಿಸಿ, ತೊಳೆದು ತೆಗೆಯುವ ಶಾಂಪೂವಿನಂಥವುಗಳಲ್ಲಿ ಶೇ. 0.0015ಕ್ಕೆ ಮಿತಿಗೊಳಿಸಿದೆ. ‘ಡಿಎಂಡಿಎಂ ಹೈಡಾಂಟಾಯಿನ್’ ಸ್ವಲ್ಪ ಸ್ವಲ್ಪವೇ ಫಾರ್ಮಾಲ್ಡಿಹೈಡ್ ಬಿಡುವ ವಸ್ತು. ಶಾಂಪೂ ಹಾಕಿದಾಗಲೆಲ್ಲ ಕಿವಿ ಹಿಂದೆ, ಕತ್ತಿನಲ್ಲಿ ಕೆರೆತ ಬರುವವರು ಈ ಎರಡು ಹೆಸರು ಇಲ್ಲದ ಶಾಂಪೂ ನೋಡಿಕೊಳ್ಳುವುದು ಒಳ್ಳೆಯದು.

ಹೊಟ್ಟಿಗೆ, ಕೂದಲು ಉದುರೋದಕ್ಕೆ

ತಲೆಹೊಟ್ಟಿನ ಶಾಂಪೂವಿನಲ್ಲಿ ಔಷಧದ ಹೆಸರು ಇರಲೇಬೇಕು: ಜಿಂಕ್ ಪೈರಿಥಿಯೋನ್, ಕೀಟೊಕೊನಜೋಲ್, ಸೆಲೆನಿಯಂ ಸಲ್ಫೈಡ್, ಸ್ಯಾಲಿಸಿಲಿಕ್ ಆಸಿಡ್, ಇವುಗಳಲ್ಲಿ ಯಾವುದಾದರೂ ಒಂದು. ಬರೀ ಬೇವು, ನಿಂಬೆ ಚಿತ್ರ ಇದ್ದು ಇಂಥ ಹೆಸರು ಇಲ್ಲದಿದ್ದರೆ ಹೆಚ್ಚು ನಿರೀಕ್ಷೆ ಬೇಡ. ಶೇ. 2ರ ಕೀಟೊಕೊನಜೋಲ್ ಶಾಂಪೂ ಔಷಧ. ಅದನ್ನು ವೈದ್ಯರನ್ನು ಕೇಳಿ ಮೆಡಿಕಲ್ ಸ್ಟೋರ್‌ನಲ್ಲೇ ಕೊಳ್ಳಬೇಕು. ಹಾಕಿದ ಕೂಡಲೇ ತೊಳೆದರೆ ಔಷಧ ಚರಂಡಿ ಪಾಲು. ನೆತ್ತಿಗೆ ತಾಗುವಂತೆ ಹಚ್ಚಿ 3ರಿಂದ 5 ನಿಮಿಷ ಬಿಟ್ಟು ತೊಳೆಯಬೇಕು.

ಚರ್ಮದಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ಶಾಂಪೂವಿನಲ್ಲಿರುವ ವಿಟಮಿನ್ ಅದಕ್ಕೆ ಆಹಾರ ಆಗುವುದಿಲ್ಲ. ‘ಕೂದಲು ಉದುರುವಿಕೆ ಕಡಿಮೆ’ ಎಂಬ ಮಾತಿನ ಪಕ್ಕ ನಕ್ಷತ್ರದ ಗುರುತು ಇದ್ದರೆ ಕೆಳಗಿನ ಸಣ್ಣ ಅಕ್ಷರ ಓದಿ. ಹಲವು ಬಾಟಲಿಗಳಲ್ಲಿ ‘ತುಂಡಾಗಿ ಉದುರುವುದು’ ಅಂತಷ್ಟೇ ಇರುತ್ತದೆ. ಬೇರಿನಿಂದ ಉದುರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಹೆರಿಗೆ, ಟೈಫಾಯ್ಡ್, ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದ ಉದುರುತ್ತಿದ್ದರೆ ಶಾಂಪೂ ಬದಲಿಸಿ ಫಲವಿಲ್ಲ. ಮಕ್ಕಳ ತಲೆಯಲ್ಲಿ ದುಂಡಗೆ ಕೂದಲು ಹೋಗಿದ್ದರೆ ಅದು ಹುಳುಕಡ್ಡಿ ಇರಬಹುದು. ಅದಕ್ಕೆ ಮಾತ್ರೆ ಬೇಕು, ಡಾಕ್ಟರ್ ಬಳಿ ಹೋಗಬೇಕು.

ಎಲ್ಲಕ್ಕಿಂತ ಎಚ್ಚರ: ಕಪ್ಪು ಮಾಡುವ ಶಾಂಪೂ

‘ಹತ್ತು ನಿಮಿಷದಲ್ಲಿ ಕಪ್ಪು’ ಅನ್ನುವ ಪ್ಯಾಕೆಟ್ ಶಾಂಪೂ ಅಲ್ಲ, ಹೇರ್ ಡೈ. ಬರೀ ಮೆಹಂದಿ ಸೊಪ್ಪು ಕೂದಲನ್ನು ಕೆಂಪು-ಕಿತ್ತಳೆ ಮಾಡುತ್ತದೆ. ಹತ್ತು ನಿಮಿಷದಲ್ಲಿ ಕಪ್ಪು ಮಾಡುವ ಶಕ್ತಿ ಅದಕ್ಕಿಲ್ಲ. ಇಂಥ ಕಪ್ಪು ಬಣ್ಣಗಳಲ್ಲಿ ಸಾಮಾನ್ಯವಾಗಿ ಇರುವುದು ‘ಪ್ಯಾರಾ ಫೀನೈಲೀನ್ ಡೈಅಮೈನ್’, ಚಿಕ್ಕದಾಗಿ ಪಿಪಿಡಿ. ಕೆಲವರಿಗೆ ಇದರಿಂದ ತಲೆಯಲ್ಲಿ ನೀರು ಗುಳ್ಳೆ, ಮುಖ-ಕಣ್ಣು ಊತ ಬರುತ್ತದೆ. ಪಿಪಿಡಿ ಇರುವ ಡೈ ಮೇಲೆ ಎಚ್ಚರಿಕೆ ಮುದ್ರಿಸುವುದು, ಮೊದಲೇ ಪರೀಕ್ಷೆ ಮಾಡಿಕೊಳ್ಳಲು ಹೇಳುವುದು ಕಡ್ಡಾಯ.

ಪರೀಕ್ಷೆ ಹೀಗೆ: ಕಿವಿಯ ಹಿಂದೆ ಅಥವಾ ಮೊಣಕೈ ಒಳಭಾಗ ತೊಳೆದು ಒಣಗಿಸಿ, ಒಂದು ಬೊಟ್ಟು ಹಚ್ಚಿ 24 ಗಂಟೆ ಬಿಡಿ. ಕೆಂಪಾದರೆ, ಕೆರೆದರೆ ಆ ಡೈ ನಿಮಗಲ್ಲ. ‘ಐದು ವರ್ಷದಿಂದ ಹಾಕ್ತಿದ್ದೀನಿ, ಏನೂ ಆಗಿಲ್ಲ’ ಅನ್ನುವವರೂ ಪ್ರತಿ ಸಲ ಪರೀಕ್ಷೆ ಮಾಡಬೇಕು. ಈ ಅಲರ್ಜಿ ಎಷ್ಟೋ ವರ್ಷದ ಬಳಕೆಯ ನಂತರವೂ ಬರಬಹುದು. ಹುಬ್ಬು, ರೆಪ್ಪೆಗೆ ಹಚ್ಚಲೇಬಾರದು, ಕಣ್ಣು ಹೋಗುವ ಅಪಾಯವಿದೆ. ಮುಖ ಊದಿದರೆ, ಉಸಿರಾಟಕ್ಕೆ ಕಷ್ಟವಾದರೆ ಬಣ್ಣ ತೊಳೆದು, ಪ್ಯಾಕೆಟ್ ಜೊತೆಗೇ ಆಸ್ಪತ್ರೆಗೆ ಓಡಬೇಕು.

ಸೀಗೆಕಾಯಿ, ಆಯುರ್ವೇದ, ಬೋರ್‌ವೆಲ್ ನೀರು

ಸೀಗೆಕಾಯಿ, ಅಂಟುವಾಳದಲ್ಲಿ ಸಪೋನಿನ್ ಎಂಬ ನೊರೆ ಕೊಡುವ ಗುಣ ಸಹಜವಾಗಿಯೇ ಇದೆ. ಮನೆಯಲ್ಲೇ ಒಣಗಿಸಿ ಪುಡಿ ಮಾಡಿದ್ದು ಚೆನ್ನಾಗಿ ಕೆಲಸ ಮಾಡುತ್ತದೆ, ಕಣ್ಣಿಗೆ ಬೀಳದಂತೆ ನೋಡಿಕೊಂಡರೆ ಸಾಕು. ಬಾಟಲಿಯ ಆಯುರ್ವೇದ ಶಾಂಪೂ ಬೇರೆ ಮಾತು. ಹಲವು ಪಟ್ಟಿಗಳ ಕೊನೆಯಲ್ಲಿ ‘ಶಾಂಪೂ ಬೇಸ್ ಕ್ಯೂ.ಎಸ್.’ ಅಂತಿರುತ್ತದೆ. ಕ್ಯೂ.ಎಸ್. ಅಂದರೆ ಬೇಕಾದಷ್ಟು. ಆ ಬೇಸ್‌ನಲ್ಲಿ ಮಾಮೂಲಿ ಸಲ್ಫೇಟ್ ಇರುವುದು ಅಪರೂಪವಲ್ಲ.

ಬೋರ್‌ವೆಲ್‌ನ ಗಡಸು ನೀರಿರುವ ಊರಲ್ಲಿ ಮೈ ಸೋಪಿನಿಂದ ತಲೆ ತೊಳೆದರೆ ಕೂದಲು ಅಂಟಂಟು. ಸೋಪು ಆ ನೀರಿನ ಸುಣ್ಣದಂಶದ ಜೊತೆ ಸೇರಿ ಜಿಡ್ಡಾಗುವುದೇ ಕಾರಣ. ಶಾಂಪೂ ಹಾಗೆ ಅಂಟುವುದಿಲ್ಲ. ಪಟ್ಟಿಯಲ್ಲಿ ‘ಇಡಿಟಿಎ’ ಇದ್ದರೆ ಅದು ಸುಣ್ಣದಂಶವನ್ನು ಹಿಡಿದಿಡಲು ಹಾಕಿದ್ದು.

ಅಂಗಡಿಯವರು ಗಮನಿಸಬೇಕಾದ್ದು

ನಕಲಿ ಶಾಂಪೂ ಮಾರುವುದೂ ಅಪರಾಧವೇ. ‘ನಾವು ತಯಾರಿಸಿಲ್ಲ’ ಅಂದರೆ ಸಾಲದು. ಯಾರಿಂದ ಕೊಂಡಿರಿ ಎಂದು ಅಧಿಕಾರಿ ಕೇಳಿದರೆ ಹೆಸರು, ವಿಳಾಸ ಹೇಳಬೇಕು. ಲೈಸೆನ್ಸ್ ಇರುವ ತಯಾರಕರಿಂದ ಅಥವಾ ಸರಿಯಾದ ಡೀಲರ್‌ನಿಂದ ಕೊಂಡಿದ್ದು, ನಕಲಿ ಎಂಬುದು ಎಚ್ಚರ ವಹಿಸಿದರೂ ತಿಳಿಯುವಂತಿರಲಿಲ್ಲ, ಮಾಲನ್ನು ಸರಿಯಾಗಿ ಇಟ್ಟಿದ್ದೆ ಎಂದು ತೋರಿಸಿದರೆ ಕಾಯ್ದೆಯಲ್ಲೇ ರಕ್ಷಣೆ ಇದೆ. ಅದಕ್ಕೆ ಆಸರೆ ಬಿಲ್ಲು. ಬಿಲ್ಲಿಲ್ಲದೆ ಅರ್ಧ ರೇಟಿಗೆ ಬ್ರ್ಯಾಂಡ್ ಮಾಲು ತರುವ ಗಾಡಿಯವನು ನಾಳೆ ಸಿಗುವುದಿಲ್ಲ. ಅಕ್ಷರ ತಪ್ಪಿದ ಹೆಸರು, ಅಳಿಸಿ ಬರೆದ ತಾರೀಕು, ಬಣ್ಣ ಬಿಡುವ ಮುದ್ರಣ ಕಂಡರೆ ಮಾಲು ಇಳಿಸಿಕೊಳ್ಳಬೇಡಿ. ಸರವನ್ನು ಬಿಸಿಲಿಗೆ ತೂಗುಹಾಕದೆ ನೆರಳಲ್ಲಿಡಿ.

ನಕಲಿ ಅನುಮಾನವಿದ್ದರೆ, ಬಳಸಿ ತೊಂದರೆಯಾಗಿದ್ದರೆ ಬಾಟಲಿ ಅಥವಾ ಪ್ಯಾಕೆಟ್, ಬಿಲ್ಲು, ಚರ್ಮದ ಫೋಟೊ ತೆಗೆದಿಟ್ಟುಕೊಳ್ಳಿ. ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915.